ಮಲೆನಾಡಿನ ಹೋಮ್‌ಸ್ಟೇ: ಅನುಮತಿ ರಾಜ್ಯದ್ದು, ಹೊರೆ ಊರಿನದು

ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರ ತನ್ನ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ನಿರ್ಧರಿಸಿದ್ದಾನೆ ಎಂದುಕೊಳ್ಳಿ. ಯಾರ ಅನುಮತಿ ಬೇಕು? ಜಿಲ್ಲಾ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ ಎಂದು ಒಬ್ಬರು ಹೇಳುತ್ತಾರೆ. ಗ್ರಾಮ ಪಂಚಾಯಿತಿಗೆ ಹೋಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕಾಣಿ ಎಂದು ಇನ್ನೊಬ್ಬರು. ಜಮೀನಿನ ದಾಖಲೆ ಸರಿಯಾಗದೆ ಯಾವುದೂ ಆಗದು, ಮೊದಲು ತಾಲ್ಲೂಕು ಕಚೇರಿಗೆ ಹೋಗಿ ಎಂದು ಮತ್ತೊಬ್ಬರು. ಅರಣ್ಯ ಇಲಾಖೆಯವರು ಬಂದು ತಡೆದಾರು ಎಂದು ಹೆದರಿಸುವವರೂ ಇದ್ದಾರೆ. ಆ್ಯಪ್‌ನಲ್ಲಿ ನಾಲ್ಕು ಫೋಟೊ ಹಾಕಿದರೆ ಸಾಕು, ಯಾರೂ ಕೇಳುವುದಿಲ್ಲ ಎಂದು ಧೈರ್ಯ ತುಂಬುವವರೂ ಇದ್ದಾರೆ. ಕೊನೆಯವರ ಮಾತನ್ನು ಬಿಟ್ಟರೆ ಉಳಿದವರೆಲ್ಲ ಹೇಳಿದ್ದು ಸರಿಯೇ. ಒಬ್ಬೊಬ್ಬರು ಕಾನೂನಿನ ಒಂದೊಂದು ತುಂಡನ್ನು ಹೇಳಿದ್ದಾರೆ, ಅಷ್ಟೆ.

ಶಿವಮೊಗ್ಗ ಜಿಲ್ಲೆಯಲ್ಲಿ ಈ ಪ್ರಶ್ನೆ ಈಗ ದಿನನಿತ್ಯದ್ದಾಗಿದೆ. 2023ರ ಫೆಬ್ರುವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ತೆರೆಯಿತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ಸಂಚಾರಕ್ಕೆ ಮುಕ್ತವಾಯಿತು. ಜೋಗ, ಆಗುಂಬೆ, ಕೊಡಚಾದ್ರಿ, ಹಿನ್ನೀರಿನ ದಡಗಳಿಗೆ ವಾರಾಂತ್ಯದಲ್ಲಿ ಬರುವವರು ಹೆಚ್ಚಾದಂತೆ ತೋಟದ ಮನೆಗಳ ಮುಂದೆ ಹೋಮ್‌ಸ್ಟೇ ಫಲಕಗಳೂ ಹೆಚ್ಚಾಗಿವೆ. ಎಲೆಚುಕ್ಕಿ ರೋಗದಿಂದ ಅಡಿಕೆ ಫಸಲು ಕೈಕೊಟ್ಟ ವರ್ಷ ಎರಡು ಕೋಣೆಯ ಬಾಡಿಗೆ ಒಂದು ಸಂಸಾರವನ್ನು ದಡ ಸೇರಿಸಬಲ್ಲದು. ಆದ್ದರಿಂದ ಹೋಮ್‌ಸ್ಟೇ ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಬೇಕು. ಅದನ್ನು ಯಾರು, ಎಲ್ಲಿಂದ, ಏನನ್ನು ನೋಡಿ ನಿಯಂತ್ರಿಸಬೇಕು ಎಂಬುದು ಇಲ್ಲಿಯ ವಿಷಯ. ಈಗಿನ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಚೇರಿಯೂ ಒಂದೊಂದೇ ಮನೆಯನ್ನು ಬಿಡಿಯಾಗಿ ನೋಡುತ್ತದೆ. ಒಂದು ಊರಿನ ನೀರು, ಒಂದು ಘಟ್ಟದ ರಸ್ತೆ, ಒಂದು ಹಳ್ಳದ ದಂಡೆ ಒಟ್ಟು ಎಷ್ಟು ಅತಿಥಿಗಳನ್ನು ತಾಳಬಲ್ಲದು ಎಂದು ಕೇಳುವ ಹೊಣೆಯನ್ನು ಯಾರಿಗೂ ಸ್ಪಷ್ಟವಾಗಿ ಒಪ್ಪಿಸಿಲ್ಲ. ನನ್ನ ಪ್ರಕಾರ ದೊಡ್ಡ ಕೊರತೆ ಇದೇ.

ಸಂವಿಧಾನದ ಲೆಕ್ಕ

ಅಧಿಕಾರ ಯಾರದು ಎಂದು ತಿಳಿಯಲು ಸಂವಿಧಾನದ ಏಳನೆಯ ಅನುಸೂಚಿಯನ್ನು ನೋಡಬೇಕು. ಕೇಂದ್ರ ಯಾವುದರ ಮೇಲೆ ಕಾನೂನು ಮಾಡಬಹುದು, ರಾಜ್ಯ ಯಾವುದರ ಮೇಲೆ, ಇಬ್ಬರೂ ಯಾವುದರ ಮೇಲೆ ಎಂದು ಅಲ್ಲಿ ಮೂರು ಪಟ್ಟಿಗಳಿವೆ. ಈ ಮೂರರಲ್ಲಿ ಎಲ್ಲಿಯೂ ಪ್ರವಾಸೋದ್ಯಮ ಎಂಬ ವಿಷಯವೇ ಇಲ್ಲ. ಆದರೆ ರಾಜ್ಯ ಪಟ್ಟಿಯ 31ನೆಯ ನಮೂದು ತಂಗುಮನೆಗಳಿಗೂ ಅವುಗಳನ್ನು ನಡೆಸುವವರಿಗೂ ಸಂಬಂಧಿಸಿದ್ದು. ಭೂಮಿ, ಪೊಲೀಸ್, ಸಾರ್ವಜನಿಕ ಆರೋಗ್ಯ, ಸ್ಥಳೀಯ ಆಡಳಿತ ಇವೆಲ್ಲವೂ ರಾಜ್ಯ ಪಟ್ಟಿಯಲ್ಲೇ ಇವೆ. ಹಾಗಾಗಿ ಹೋಮ್‌ಸ್ಟೇ ಕುರಿತ ಮೂಲ ಅಧಿಕಾರ ರಾಜ್ಯದ್ದು. ಅರಣ್ಯ ಮಾತ್ರ 1976ರ 42ನೆಯ ತಿದ್ದುಪಡಿಯ ನಂತರ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಗೆ ಹೋಯಿತು. ಅಲ್ಲಿ ಕೇಂದ್ರದ ಮಾತೇ ಮೇಲು. ಅರ್ಧ ಊರು ಕಾಡಿನ ಅಂಚಿನಲ್ಲಿರುವ ಮಲೆನಾಡಿಗೆ ಇದು ಸಣ್ಣ ಸಂಗತಿಯಲ್ಲ.

ಪಂಚಾಯಿತಿಯ ಪಾಲೇನು? 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಸಿಕ್ಕಿತು. 243-ಜಿ ವಿಧಿಯೂ ಹನ್ನೊಂದನೆಯ ಅನುಸೂಚಿಯೂ ಸೇರಿ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳನ್ನು ಹೆಸರಿಸಿವೆ. ಕುಡಿಯುವ ನೀರು, ರಸ್ತೆ, ಆರೋಗ್ಯ ಮತ್ತು ನೈರ್ಮಲ್ಯ, ಸಂತೆ ಮತ್ತು ಜಾತ್ರೆ ಅದರಲ್ಲಿವೆ. ಪ್ರವಾಸೋದ್ಯಮ ಅಲ್ಲಿಯೂ ಇಲ್ಲ. ಹೆಸರಿಸಿದ ವಿಷಯಗಳಲ್ಲೂ ಎಷ್ಟು ಅಧಿಕಾರ ಕೊಡಬೇಕು ಎಂಬುದು ವಿಧಾನಮಂಡಲದ ಇಚ್ಛೆಗೆ ಬಿಟ್ಟದ್ದು. ಪ್ರವಾಸಿಗರು ಬಂದಾಗ ಒತ್ತಡ ಬೀಳುವ ನೀರು, ಕಸ, ಚರಂಡಿ, ಒಳರಸ್ತೆಗಳೆಲ್ಲ ಪಂಚಾಯಿತಿಯ ತಲೆಯ ಮೇಲಿವೆ. ಪ್ರವಾಸಿಗರನ್ನು ಇಳಿಸಿಕೊಳ್ಳುವ ಮನೆಗೆ ಮಾನ್ಯತೆ ಕೊಡುವ ಅಧಿಕಾರ ಮಾತ್ರ ಬೇರೆ ಕಡೆ ಇದೆ.

ಜೋಗದ ಸುತ್ತ ಇನ್ನೂ ಒಂದು ಗಂಟಿದೆ. ಜೋಗ–ಕಾರ್ಗಲ್‌ನಲ್ಲಿ ಪಟ್ಟಣ ಪಂಚಾಯಿತಿ ಇದೆ, ಅದಕ್ಕೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅನ್ವಯ. ಸ್ವಲ್ಪ ದೂರದ ತಾಳಗುಪ್ಪದಲ್ಲಿ ಗ್ರಾಮ ಪಂಚಾಯಿತಿ, ಅದಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆ. ಜಲಪಾತದ ಪ್ರದೇಶವನ್ನು ನೋಡಿಕೊಳ್ಳಲು ಜೋಗ ನಿರ್ವಹಣಾ ಪ್ರಾಧಿಕಾರ ಬೇರೆ. ಪ್ರವಾಸಿಗ ಒಂದೇ ಜಲಪಾತ ನೋಡಲು ಬರುತ್ತಾನೆ, ಆದರೆ ಅವನು ಮಲಗುವ ಮನೆ ಯಾವ ಗಡಿಯೊಳಗಿದೆ ಎಂಬುದರ ಮೇಲೆ ಅದಕ್ಕೆ ತಗಲುವ ಸ್ಥಳೀಯ ಕಾನೂನೇ ಬದಲಾಗುತ್ತದೆ.

ರಾಜ್ಯದ ಇಲಾಖೆ ಏನನ್ನು ನೋಡುತ್ತದೆ

ಕರ್ನಾಟಕದಲ್ಲಿ ಪ್ರವಾಸೋದ್ಯಮದ ವ್ಯವಹಾರಗಳನ್ನು ಉತ್ತೇಜಿಸಲು ಮತ್ತು ನಿಯಂತ್ರಿಸಲು 2015ರ ಕಾಯ್ದೆಯಿದೆ. ಜೊತೆಗೆ ಕಾಲಕಾಲಕ್ಕೆ ಹೊರಡಿಸುವ ಪ್ರವಾಸೋದ್ಯಮ ನೀತಿಗಳಿವೆ. ಹೋಮ್‌ಸ್ಟೇ ನೋಂದಣಿ ನಡೆಯುವುದು ಈ ಚೌಕಟ್ಟಿನಲ್ಲಿ, ಜಿಲ್ಲಾ ಮಟ್ಟದ ಪ್ರವಾಸೋದ್ಯಮ ಕಚೇರಿಯ ಮೂಲಕ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ್ದೂ ಒಂದು ವರ್ಗೀಕರಣ ಯೋಜನೆ ಇದೆ. ಅದರ ಪ್ರಕಾರ ಒಂದು ಮನೆಯಲ್ಲಿ 1ರಿಂದ 6 ಕೋಣೆಗಳವರೆಗೆ, ಹೆಚ್ಚೆಂದರೆ 12 ಹಾಸಿಗೆಗಳನ್ನು ಬಾಡಿಗೆಗೆ ಕೊಡಬಹುದು. ಸೌಲಭ್ಯ ನೋಡಿ ಚಿನ್ನ ಅಥವಾ ಬೆಳ್ಳಿ ದರ್ಜೆ ಕೊಡುತ್ತಾರೆ.

ಕೋಣೆಗಳ ಮಿತಿಗಿಂತ ಮುಖ್ಯವಾದ ಷರತ್ತು ಇನ್ನೊಂದಿದೆ. ಮಾಲೀಕ ಮತ್ತು ಅವನ ಕುಟುಂಬ ಆ ಮನೆಯಲ್ಲೇ ವಾಸವಾಗಿರಬೇಕು. ಹೋಮ್‌ಸ್ಟೇಯನ್ನು ಲಾಡ್ಜ್ ಮತ್ತು ರೆಸಾರ್ಟ್‌ಗಳಿಂದ ಬೇರ್ಪಡಿಸುವ ಗೆರೆ ಇದು. ಮನೆಯವರು ಅಲ್ಲೇ ಇದ್ದರೆ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕದ ಅಬ್ಬರ ತಾನಾಗಿ ತಗ್ಗುತ್ತದೆ, ಕಸ ಎಲ್ಲಿ ಬಿತ್ತು ಎಂಬುದು ಮರುದಿನ ಬೆಳಗ್ಗೆ ಅವರ ಕಣ್ಣಿಗೇ ಬೀಳುತ್ತದೆ, ಪಕ್ಕದ ಮನೆಯವರು ದೂರು ಹೇಳಲು ಒಂದು ಮುಖ ಇರುತ್ತದೆ. ಮಾಲೀಕ ಬೆಂಗಳೂರಿನಲ್ಲಿದ್ದು, ಇಲ್ಲಿ ಬೀಗದ ಕೈ ಕೊಡಲು ಒಬ್ಬ ಸಂಬಳದ ಹುಡುಗನಿದ್ದರೆ ಇದಾವುದೂ ಇರುವುದಿಲ್ಲ. ಅಂಥ ಇಡೀ ಬಂಗಲೆಯೂ ಆ್ಯಪ್‌ಗಳಲ್ಲಿ ಹೋಮ್‌ಸ್ಟೇ ಎಂದೇ ಕಾಣಿಸಿಕೊಳ್ಳುತ್ತದೆ. ಕಾಗದದ ಮೇಲಿನ ಈ ಷರತ್ತು ನಿಜವಾಗಿಯೂ ಪಾಲನೆಯಾಗುತ್ತಿದೆಯೇ ಎಂದು ಹೇಳಬಲ್ಲವರು ಯಾರು? ಶಿವಮೊಗ್ಗದ ಕಚೇರಿಯಿಂದ ಬಂದು ಒಂದು ದಿನ ಪರಿಶೀಲಿಸಿ ಹೋಗುವ ಅಧಿಕಾರಿಗಿಂತ ಆ ದಾರಿಯಲ್ಲಿ ದಿನಾ ಹಾಲು ಹಾಕುವವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ವಾರ್ಡಿನ ಪಂಚಾಯಿತಿ ಸದಸ್ಯರಿಗೂ ಗೊತ್ತಿರುತ್ತದೆ. ರಾಜ್ಯದ ಬಹು ಮುಖ್ಯವಾದ ನಿಯಮವೊಂದು ಸ್ಥಳೀಯ ತಿಳಿವಳಿಕೆಯಿಲ್ಲದೆ ನಡೆಯಲಾರದು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ.

ಭದ್ರತೆಯ ವಿಷಯವೂ ಹೀಗೆಯೇ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ಮಾಹಿತಿಯನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಇದು ಕೇಂದ್ರದ ಕಾನೂನು, ದೊಡ್ಡ ಹೋಟೆಲಿಗೂ ಒಂದು ಕೋಣೆಯ ಹೋಮ್‌ಸ್ಟೇಗೂ ಒಂದೇ. ಉಳಿದ ಅತಿಥಿಗಳ ಗುರುತಿನ ದಾಖಲೆ, ಹೆಸರು ಬರೆಯುವ ಪುಸ್ತಕ ಇವನ್ನು ಕೇಳುವವರು ಸ್ಥಳೀಯ ಪೊಲೀಸ್ ಠಾಣೆಯವರು. 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರದ ಬಳಿ ಹೋಮ್‌ಸ್ಟೇ ನಡೆಸುತ್ತಿದ್ದ ಮಹಿಳೆ ಮತ್ತು ಆಕೆಯ ಅತಿಥಿಗಳ ಮೇಲೆ ನಡೆದ ಭೀಕರ ದಾಳಿಯಲ್ಲಿ ಒಬ್ಬ ಪ್ರವಾಸಿಗ ಪ್ರಾಣ ಕಳೆದುಕೊಂಡ. ಊರಿನಿಂದ ದೂರದ, ದೀಪವಿಲ್ಲದ ಜಾಗಗಳಿಗೆ ಅತಿಥಿಗಳು ರಾತ್ರಿ ಹೋಗುವುದರ ಅಪಾಯವನ್ನು ಆ ಘಟನೆ ಇಡೀ ರಾಜ್ಯದ ಮುಂದಿಟ್ಟಿತು. ಮಲೆನಾಡಿನ ಬಹುಪಾಲು ಹೋಮ್‌ಸ್ಟೇಗಳಿರುವುದು ಮೊಬೈಲ್ ಸಿಗ್ನಲ್ ಕೂಡ ಸಿಗದ ಒಂಟಿಮನೆಗಳಲ್ಲಿ. ಯಾವ ದಾರಿ ಕತ್ತಲಾದ ಮೇಲೆ ಸಲ್ಲದು, ಯಾವ ಹೊಳೆಯ ಮಡುವಿನಲ್ಲಿ ಇಳಿಯಬಾರದು ಎಂಬುದು ರಾಜ್ಯದ ಮಾರ್ಗಸೂಚಿಯಲ್ಲಿ ಬರೆಯಲಾಗದ, ಆದರೆ ಊರಿನ ಮಕ್ಕಳಿಗೂ ಗೊತ್ತಿರುವ ವಿಷಯ.

ಜಮೀನು: ಎಲ್ಲ ಕಾನೂನುಗಳೂ ಮುಗ್ಗರಿಸುವ ಜಾಗ

ಮನೆ ಯಾವ ಜಮೀನಿನಲ್ಲಿದೆ ಎಂಬ ಪ್ರಶ್ನೆ ಬಂದಾಗ ವಿಷಯ ನಿಜವಾಗಿಯೂ ಜಟಿಲವಾಗುತ್ತದೆ. ಗ್ರಾಮಠಾಣದೊಳಗಿನ, ಅಂದರೆ ಊರಿನ ವಸತಿ ಜಾಗದೊಳಗಿನ ಮನೆಯಾದರೆ ಪಂಚಾಯಿತಿಯ ಖಾತೆ, ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಇದ್ದರೆ ದಾರಿ ಸುಲಭ. ತೋಟದ ನಡುವಿನ ಮನೆಯಾದರೆ ಹಾಗಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೆಯ ಪ್ರಕರಣದ ಪ್ರಕಾರ ಕೃಷಿ ಜಮೀನಿನಲ್ಲಿ ರೈತ ತನ್ನ ವಾಸಕ್ಕೆ ಮಿತಿಯೊಳಗೆ ಮನೆ ಕಟ್ಟಿಕೊಳ್ಳಬಹುದು. ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ ಆಗಬೇಕು. ವಾಸದ ಮನೆಯಲ್ಲಿಯೇ ಎರಡು ಕೋಣೆಯನ್ನು ಅತಿಥಿಗಳಿಗೆ ಕೊಟ್ಟರೆ ಅದು ವಾಸವೋ ವಾಣಿಜ್ಯವೋ? ಮಾಲೀಕ ಅಲ್ಲೇ ಇರುವ ತನಕ ಅದು ವಾಸದ ಮನೆಯೇ ಎಂಬುದು ಹೋಮ್‌ಸ್ಟೇ ಎಂಬ ಕಲ್ಪನೆಯ ತಿರುಳು. ಅದೇ ತೋಟದಲ್ಲಿ ಅತಿಥಿಗಳಿಗೆಂದೇ ಸಾಲಾಗಿ ಕಾಟೇಜ್‌ಗಳನ್ನು ಎಬ್ಬಿಸಿದರೆ ಆ ವಾದ ನಿಲ್ಲುವುದಿಲ್ಲ.

ಇದು ದಾಖಲೆ ಇರುವವರ ಕಥೆ. ದಾಖಲೆಯೇ ಇಲ್ಲದವರು ಮಲೆನಾಡಿನಲ್ಲಿ ಎಷ್ಟೋ ಮಂದಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮನೆ, ಗದ್ದೆ, ತೋಟ ಕಳೆದುಕೊಂಡ ಕುಟುಂಬಗಳನ್ನು ಕಾಡಿನ ಜಮೀನುಗಳಿಗೆ ಕಳುಹಿಸಿದರು. ನಾಡಿಗೆ ಬೆಳಕು ಕೊಟ್ಟ ಆ ಶರಾವತಿ ಮುಳುಗಡೆ ಸಂತ್ರಸ್ತರಲ್ಲಿ ಅನೇಕರಿಗೆ ತಾವು ಕೂತ ನೆಲದ ಹಕ್ಕುಪತ್ರ ಇಂದಿಗೂ ಸಿಕ್ಕಿಲ್ಲ. ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉಳುತ್ತಿರುವ ಬಗರ್‌ಹುಕುಂ ಸಾಗುವಳಿದಾರರು ನಮೂನೆ 50, 53, 57ರಲ್ಲಿ ಅರ್ಜಿ ಕೊಟ್ಟು ಕಾಯುತ್ತಿದ್ದಾರೆ. ಸೊಪ್ಪಿನಬೆಟ್ಟ, ಕಾನು, ಡೀಮ್ಡ್ ಅರಣ್ಯ ಎಂದು ನೆಲಕ್ಕೆ ಇಲ್ಲಿರುವಷ್ಟು ಹೆಸರು ಬೇರೆಡೆ ಇರಲಾರದು. ಒಂದೊಂದು ಹೆಸರಿಗೂ ಒಂದೊಂದು ಕಟ್ಟುಪಾಡು.

ಹೋಮ್‌ಸ್ಟೇ ನೋಂದಣಿಗೆ ಆಸ್ತಿಯ ದಾಖಲೆ ಬೇಕೇ ಬೇಕು. ಹಾಗಾದರೆ ಫಲ ಏನಾಗುತ್ತದೆ ನೋಡಿ. ಹಿನ್ನೀರಿನ ದಂಡೆಯಲ್ಲಿ ಅರವತ್ತು ವರ್ಷದಿಂದ ಬದುಕುತ್ತಿರುವ ಕುಟುಂಬ, ತನ್ನದೇ ಮುಳುಗಿದ ಊರಿನ ಮೇಲೆ ನಿಂತ ನೀರನ್ನು ನೋಡಲು ಬರುವವರಿಗೆ ಒಂದು ಕೋಣೆ ಕೊಟ್ಟರೆ ಅದು ಅನಧಿಕೃತ. ಹಣವುಳ್ಳ ಹೊರಗಿನವರು ಹಿಡುವಳಿ ಜಮೀನು ಕೊಂಡು, ಭೂಪರಿವರ್ತನೆ ಮಾಡಿಸಿ, ಅದೇ ನೀರಿನ ಎದುರು ಹತ್ತು ಕಾಟೇಜ್ ಕಟ್ಟಿದರೆ ಅದು ಅಧಿಕೃತ. ಯಾವ ಅಧಿಕಾರಿಯೂ ಬೇಕೆಂದು ಮಾಡಿದ ಅನ್ಯಾಯ ಇದಲ್ಲ. ರಾಜ್ಯಕ್ಕೆಲ್ಲ ಒಂದೇ ಅಳತೆಯ ನಿಯಮವನ್ನು ನಮ್ಮ ಭೂ ಇತಿಹಾಸದ ಮೇಲೆ ಇಟ್ಟಾಗ ಆಗುವುದೇ ಹೀಗೆ. ಹಿನ್ನೀರಿನ ಆಚೆಯ ತುಮರಿ ಸೀಮೆಯ ಈ ಸಂಗತಿ ಮಂಡ್ಯಕ್ಕೋ ಕೋಲಾರಕ್ಕೋ ಅನ್ವಯಿಸದು. ಅದಕ್ಕೆಂದೇ ವಾಸದ ದೃಢೀಕರಣ, ಮನೆ ಕಂದಾಯದ ರಸೀದಿ, ಗ್ರಾಮಸಭೆಯ ನಿರ್ಣಯಗಳನ್ನು ಆಧರಿಸಿ ಇಂಥ ಕುಟುಂಬಗಳಿಗೆ ಒಂದೆರಡು ಕೋಣೆಯ ತಾತ್ಕಾಲಿಕ ನೋಂದಣಿ ಕೊಡುವ ದಾರಿಯನ್ನು ರಾಜ್ಯ ತೆರೆಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಅರಣ್ಯ ಎಂದು ಅಧಿಸೂಚನೆಯಾದ ಜಾಗದಲ್ಲಿ ಇದು ರಾಜ್ಯವೊಂದರಿಂದಲೇ ಆಗುವ ಕೆಲಸವಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯೇತರ ಬಳಕೆಗೆ ಕೇಂದ್ರದ ಒಪ್ಪಿಗೆ ಬೇಕು.

ಕಾಡಿನ ಕಾನೂನಿನ ಬಗ್ಗೆ ಊರುಗಳಲ್ಲಿ ಇರುವ ಭಯದಲ್ಲಿ ಅರ್ಧ ನಿಜ, ಅರ್ಧ ತಪ್ಪು ತಿಳಿವಳಿಕೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ, ಅಂದರೆ ಜನ ಕಸ್ತೂರಿರಂಗನ್ ವರದಿ ಎಂದು ಕರೆಯುವುದು, ಆರನೆಯ ಬಾರಿ 2024ರ ಜುಲೈ 31ರಂದು ಹೊರಬಂತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಆ ಕರಡು ತಡೆಯುವುದು ಗಣಿಗಾರಿಕೆಯನ್ನು, ಉಷ್ಣ ವಿದ್ಯುತ್ ಸ್ಥಾವರಗಳನ್ನು, ಕೆಂಪು ವರ್ಗದ ಕೈಗಾರಿಕೆಗಳನ್ನು ಮತ್ತು 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡಗಳನ್ನು. ಎರಡು ಕೋಣೆಯ ಹೋಮ್‌ಸ್ಟೇಗೂ ಅದಕ್ಕೂ ಸಂಬಂಧವಿಲ್ಲ.

ಸಂಬಂಧ ಇರುವುದು ಅಭಯಾರಣ್ಯಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯಗಳಿಗೆ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ, ಆಗುಂಬೆಯ ಮಗ್ಗುಲಿನ ಸೋಮೇಶ್ವರ, ಕೊಡಚಾದ್ರಿ ಕಡೆಯ ಮೂಕಾಂಬಿಕಾ, ಶಿವಮೊಗ್ಗದ ಬಳಿಯ ಶೆಟ್ಟಿಹಳ್ಳಿ ಹೀಗೆ ನಮ್ಮ ಸುತ್ತ ಅಭಯಾರಣ್ಯಗಳು ಒತ್ತೊತ್ತಾಗಿವೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಹೊರಡಿಸುವ ಇಂಥ ವಲಯಗಳ ಅಧಿಸೂಚನೆಗಳು ಸಾಮಾನ್ಯವಾಗಿ ಅಭಯಾರಣ್ಯದ ಗಡಿಯಿಂದ 1 ಕಿಲೋಮೀಟರ್ ಒಳಗೆ ಹೊಸ ವಾಣಿಜ್ಯ ಹೋಟೆಲ್ ಮತ್ತು ರೆಸಾರ್ಟ್‌ಗಳನ್ನು ನಿಷೇಧಿಸುತ್ತವೆ. ಸ್ಥಳೀಯರು ಸ್ವಂತ ಜಮೀನಿನಲ್ಲಿ ಸ್ವಂತ ಬಳಕೆಗೆ ಮನೆ ಕಟ್ಟುವುದಕ್ಕೆ ಅವಕಾಶವಿರುತ್ತದೆ. ಪರಿಸರ ಪ್ರವಾಸಕ್ಕೆ ಪೂರಕವಾದ ಸ್ಥಳೀಯ ಸೌಲಭ್ಯಗಳ ಸಾಲಿನಲ್ಲಿ ಹೋಮ್‌ಸ್ಟೇ ಹೆಸರೂ ಇರುತ್ತದೆ. ರೆಸಾರ್ಟ್ ಬೇರೆ, ಹೋಮ್‌ಸ್ಟೇ ಬೇರೆ ಎಂದು ಕೇಂದ್ರವೇ ಗೆರೆ ಎಳೆದಿದೆ. ಆ ಗೆರೆಯನ್ನು ಅಳಿಸುತ್ತಿರುವವರು ಹೋಮ್‌ಸ್ಟೇ ಹೆಸರಿನಲ್ಲಿ ರೆಸಾರ್ಟ್ ಕಟ್ಟುವವರು. ನಾಳೆ ಅರಣ್ಯ ಇಲಾಖೆ ಬಿಗಿ ಮಾಡಿದರೆ ಪೆಟ್ಟು ಬೀಳುವುದು ಮೊದಲು ಸಣ್ಣವರಿಗೆ.

ಸ್ಥಳೀಯರ ಒಪ್ಪಿಗೆಯಿದ್ದರೆ ಸಾಕು ಎಂದು ನಂಬಿಕೊಂಡವರು ಒಮ್ಮೆ ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯನ್ನು ನೆನೆಯಬೇಕು. ತುಂಗಭದ್ರೆಯ ನಡುವಿನ ಆ ಜಾಗದಲ್ಲಿ ಹೋಟೆಲ್, ರೆಸಾರ್ಟ್‌ಗಳು ವರ್ಷಗಟ್ಟಲೆ ನಡೆದವು. ಅದು ಸಂರಕ್ಷಿತ ಪ್ರದೇಶ, ಅಲ್ಲಿನ ಕಟ್ಟಡಗಳು ಕಾನೂನುಬಾಹಿರ ಎಂಬ ಹೈಕೋರ್ಟ್ ತೀರ್ಪನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮುಂದಿನ ತಿಂಗಳೇ ಅವು ನೆಲಸಮವಾದವು.

ದುಡ್ಡು ಎಲ್ಲಿಗೆ ಹೋಗುತ್ತದೆ

ಒಂದು ರಾತ್ರಿಗೆ 3,000 ರೂಪಾಯಿಯ ಕೋಣೆ ಎಂದಿಟ್ಟುಕೊಳ್ಳೋಣ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗಳಿಗೆ ಶೇ 5ರಷ್ಟು ಜಿಎಸ್‌ಟಿ. ಅಂದರೆ 150 ರೂಪಾಯಿ. ವರ್ಷದ ವಹಿವಾಟು 20 ಲಕ್ಷ ಮೀರದ ಸಣ್ಣ ಮಾಲೀಕ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಆದರೆ ಬುಕಿಂಗ್ ಆ್ಯಪ್ ಮೂಲಕ ಬಂದರೆ ಅವನ ಪರವಾಗಿ ತೆರಿಗೆ ಕಟ್ಟುವ ಹೊಣೆ ಆ ಆ್ಯಪ್‌ನ ಕಂಪನಿಯದು. ಆ 150ರಲ್ಲಿ 75 ಕೇಂದ್ರಕ್ಕೆ, 75 ರಾಜ್ಯಕ್ಕೆ. ಆ್ಯಪ್‌ನವರು ತಮ್ಮ ಕಮಿಷನ್ ಬೇರೆ ಹಿಡಿದುಕೊಳ್ಳುತ್ತಾರೆ.

ಪಂಚಾಯಿತಿಗೆ ನೇರವಾಗಿ ಒಂದು ರೂಪಾಯಿಯೂ ಇಲ್ಲ. ಅದಕ್ಕೆ ಸಿಗುವುದು ಮನೆ ಕಂದಾಯ, ನೀರಿನ ಕರ, ಪರವಾನಗಿ ಇದ್ದರೆ ಅದರ ಶುಲ್ಕ. ಹಣಕಾಸು ಆಯೋಗದ ಅನುದಾನ ಬರುತ್ತದೆ ನಿಜ, ಅದನ್ನು ಲೆಕ್ಕ ಹಾಕುವುದು ಜನಸಂಖ್ಯೆಯಂಥ ಅಳತೆಗಳ ಮೇಲೆ. ಊರಿನ ನಿವಾಸಿಗಳ ತಲೆ ಎಣಿಸುತ್ತಾರೆ, ಅತಿಥಿಗಳ ತಲೆ ಎಣಿಸುವುದಿಲ್ಲ. ಶನಿವಾರ ಭಾನುವಾರ ಊರಿಗೆ ಬರುವವರು ಸ್ನಾನ ಮಾಡುವ ನೀರು, ಬಿಸಾಡುವ ಬಾಟಲಿ, ತಟ್ಟೆ, ಪೊಟ್ಟಣ ಈ ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ. ಸೋಮವಾರ ಬೆಳಗ್ಗೆ ಅದನ್ನೆಲ್ಲ ಎತ್ತುವವರು ಪಂಚಾಯಿತಿಯ ಸ್ವಚ್ಛವಾಹಿನಿಯಲ್ಲಿ ಬರುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಒಂಟಿಮನೆಗಳ ಊರಿನಲ್ಲಿ ಆ ಗಾಡಿ ಎಲ್ಲ ಮನೆಗೂ ಹೋಗುವುದೇ ಕಷ್ಟ. ಹೋಗದ ಕಡೆ ಕಸ ಹಳ್ಳ ಸೇರುತ್ತದೆ, ಹಳ್ಳ ಹೊಳೆ ಸೇರುತ್ತದೆ.

ಅತಿಥಿಯೊಬ್ಬರಿಗೆ ರಾತ್ರಿಗೆ ಇಂತಿಷ್ಟು ಎಂದು ಒಂದು ಸಣ್ಣ ಸ್ಥಳೀಯ ಶುಲ್ಕ, ಅದು ಆ ಪಂಚಾಯಿತಿಯ ಕಸ ಮತ್ತು ನೀರಿಗೆ ಮಾತ್ರ ಖರ್ಚಾಗಬೇಕು ಎಂಬ ಕಟ್ಟಳೆ: ಇದನ್ನು ತರಲು ಸಾಧ್ಯ. ತೆರಿಗೆ, ಶುಲ್ಕ ಹಾಕುವ ಅಧಿಕಾರವನ್ನು ಪಂಚಾಯಿತಿಗೆ ರಾಜ್ಯವು ಕಾನೂನಿನ ಮೂಲಕ ಕೊಡಬಹುದು ಎಂದು ಸಂವಿಧಾನದ 243-ಎಚ್ ವಿಧಿ ಹೇಳುತ್ತದೆ. ಆ ಕಾನೂನು ಮಾಡಬೇಕಾದವರು ವಿಧಾನಸೌಧದಲ್ಲಿದ್ದಾರೆ.

ಬೇರೆ ದೇಶಗಳು ಕಂಡುಕೊಂಡದ್ದು

ಊರು ಮತ್ತು ರಾಜ್ಯದ ಈ ಜಗ್ಗಾಟ ನಮಗೆ ಮಾತ್ರ ಬಂದದ್ದಲ್ಲ. ಅಮೆರಿಕದ ಅರಿಜೋನ ರಾಜ್ಯ 2016ರಲ್ಲಿ ಒಂದು ಕಾನೂನು ಮಾಡಿ, ಅಲ್ಪಾವಧಿ ಬಾಡಿಗೆ ಮನೆಗಳನ್ನು ಯಾವ ನಗರವೂ ನಿಷೇಧಿಸುವಂತಿಲ್ಲ ಎಂದಿತು. ಕೆಂಪು ಬಂಡೆಗಳ ಬೆಟ್ಟಗಳಿಗೆ ಹೆಸರಾದ ಸೆಡೋನ ಎಂಬ ಪುಟ್ಟ ಪಟ್ಟಣದಲ್ಲಿ ಹೂಡಿಕೆದಾರರು ಮನೆಗಳನ್ನು ಕೊಂಡು ಪ್ರವಾಸಿಗರಿಗೆ ಬಿಟ್ಟರು. ಅಲ್ಲೇ ದುಡಿಯುವ ಜನರಿಗೆ ಬಾಡಿಗೆ ಮನೆ ಸಿಗುವುದು ದುಸ್ತರವಾಯಿತು. 2022ರಲ್ಲಿ ರಾಜ್ಯ ತುಸು ಹಿಂದೆ ಸರಿದು, ನಗರಗಳು ಪರವಾನಗಿ ಕಡ್ಡಾಯ ಮಾಡಲು, ತಪ್ಪಿದವರಿಗೆ ದಂಡ ಹಾಕಲು ಅವಕಾಶ ಕೊಟ್ಟಿತು.

ನ್ಯೂಯಾರ್ಕ್ ನಗರದ್ದು ತದ್ವಿರುದ್ಧ ದಾರಿ. 2023ರ ಸೆಪ್ಟೆಂಬರ್‌ನಿಂದ ಅದು ಜಾರಿಗೊಳಿಸಿದ ನಿಯಮದಂತೆ 30 ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಡುವವರು ನಗರದಲ್ಲಿ ನೋಂದಾಯಿಸಿಕೊಳ್ಳಬೇಕು, ಅದೇ ಮನೆಯಲ್ಲಿ ವಾಸವಿರಬೇಕು. ನೋಂದಣಿ ಇಲ್ಲದ ಮನೆಯ ಬುಕಿಂಗ್‌ಗೆ ಆ್ಯಪ್‌ಗಳು ಹಣ ಪಡೆಯುವಂತಿಲ್ಲ. ಮಾಲೀಕ ಅಲ್ಲೇ ಇರಬೇಕು ಎಂಬ ನಮ್ಮ ಷರತ್ತೇ ಅಲ್ಲಿಯೂ ಇದೆ. ವ್ಯತ್ಯಾಸವೆಂದರೆ ಅವರು ಹಿಡಿದದ್ದು ಮನೆ ಮನೆಯನ್ನಲ್ಲ, ಎಲ್ಲ ಬುಕಿಂಗ್‌ಗಳೂ ಹಾದುಹೋಗಬೇಕಾದ ಬಾಗಿಲನ್ನು. ಯುರೋಪಿಯನ್ ಒಕ್ಕೂಟವೂ 2024ರಲ್ಲಿ ಇದೇ ಜಾಡಿನ ನಿಯಮ ಮಾಡಿತು: ನೋಂದಣಿ ಪದ್ಧತಿ ಇರುವ ಕಡೆ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಕಾಣಬೇಕು, ಆ್ಯಪ್‌ಗಳು ಬುಕಿಂಗ್ ಮಾಹಿತಿಯನ್ನು ಆಡಳಿತಕ್ಕೆ ಒಪ್ಪಿಸಬೇಕು.

ಈ ಅನುಭವದಿಂದ ನಮಗೆ ಸಿಗುವ ಪಾಠ ಸರಳವಾಗಿದೆ. ಮುಂಬೈಯಲ್ಲೋ ಗುರುಗ್ರಾಮದಲ್ಲೋ ಕಚೇರಿ ಇಟ್ಟುಕೊಂಡ ಕಂಪನಿಗೆ ಆಗುಂಬೆಯ ಪಿಡಿಒ ನೋಟಿಸ್ ಕೊಟ್ಟರೆ ಅದು ಕಸದಬುಟ್ಟಿಗೆ ಹೋಗುತ್ತದೆ. ನೋಂದಣಿ ಸಂಖ್ಯೆಯಿಲ್ಲದ ಹೋಮ್‌ಸ್ಟೇಯನ್ನು ತೋರಿಸಬೇಡಿ ಎಂದು ಅವರನ್ನು ಕಟ್ಟಿಹಾಕುವ ಶಕ್ತಿ ರಾಜ್ಯಕ್ಕೆ ಮಾತ್ರ ಇದೆ. ಹಾಗಾಗಿ ಎಲ್ಲವನ್ನೂ ಪಂಚಾಯಿತಿಗೇ ಬಿಡಿ ಎಂದು ನಾನು ಹೇಳುವುದಿಲ್ಲ. ಪಂಚಾಯಿತಿಯಲ್ಲಿ ಪ್ರಭಾವಿಗಳ ಮಾತು ನಡೆದು, ಬೇಡದವರ ಅರ್ಜಿ ವರ್ಷಗಟ್ಟಲೆ ಮೇಜಿನ ಮೇಲೆ ಕೂರುವ ಅಪಾಯ ಇದ್ದೇ ಇದೆ. ಅಗ್ನಿ ಸುರಕ್ಷತೆ, ಶೌಚಾಲಯ, ಕೋಣೆಗಳ ಮಿತಿ, ಅರ್ಜಿ ವಿಲೇವಾರಿಯ ಗಡುವು, ಆ್ಯಪ್‌ಗಳ ಹೊಣೆ ಇವು ರಾಜ್ಯದ ಕೈಯಲ್ಲಿರಲಿ. ಎಲ್ಲಿ, ಎಷ್ಟು, ಯಾವ ತಿಂಗಳು ಎಂಬ ಮೂರು ಪ್ರಶ್ನೆಗಳು ಊರಿನ ಕೈಗೆ ಬರಲಿ.

ಎಷ್ಟು, ಎಲ್ಲಿ, ಯಾವಾಗ

ಸೇತುವೆ ಬರುವ ಮುನ್ನ ಸಿಗಂದೂರಿಗೆ ಹೋಗುವವರನ್ನು ಲಾಂಚ್ ನಿಯಂತ್ರಿಸುತ್ತಿತ್ತು. ಒಂದು ಸಲಕ್ಕೆ ಅದರಲ್ಲಿ ಹಿಡಿಯುವಷ್ಟೇ ವಾಹನ, ಸಂಜೆಯ ಕೊನೆಯ ಲಾಂಚ್ ಹೊರಟರೆ ಮುಗಿಯಿತು. ರೋಗಿಯನ್ನು, ಬಸುರಿಯನ್ನು ಸಾಗರದ ಆಸ್ಪತ್ರೆಗೆ ಒಯ್ಯಲಾಗದೆ ಆ ಭಾಗದ ಜನ ಪಟ್ಟ ಪಾಡು ಸಣ್ಣದಲ್ಲ, ಸೇತುವೆ ಅವರು ದಶಕಗಳ ಕಾಲ ಹೋರಾಡಿ ಪಡೆದದ್ದು. ಆದರೆ ಆ ಮಿತಿ ಹೋದ ಮೇಲೆ ಬೇರೊಂದು ಮಿತಿಯನ್ನು ಯಾರೂ ಯೋಚಿಸಿಲ್ಲ. ಪಕ್ಕದ ಚಿಕ್ಕಮಗಳೂರಿನಲ್ಲಿ ಮುಳ್ಳಯ್ಯನಗಿರಿಗೆ 2025ರಲ್ಲಿ ದಿನಕ್ಕೆ ಇಂತಿಷ್ಟೇ ವಾಹನ ಎಂದು ಗೊತ್ತುಮಾಡಿ, ಮೊದಲೇ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿದರು. ವಾಹನಗಳಿಂದ ರಸ್ತೆ ಕಟ್ಟಿಕೊಂಡ ಮೇಲೆ ಮಾಡಿದ ಕೆಲಸ ಅದು.

ಯಾವಾಗ ಎಂಬ ಪ್ರಶ್ನೆಯೂ ಇಲ್ಲಿ ಬೇರೆಯೇ ಆಗಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಗುಡ್ಡದ ಮಣ್ಣು ನೀರು ಕುಡಿದು ತುಂಬಿದ ಜುಲೈನಲ್ಲಿಯೇ ಮಳೆ ನೋಡಲು ಜನ ಬರುತ್ತಾರೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಗುಡ್ಡ ಜರಿದು ಊರುಗಳೇ ಕೊಚ್ಚಿಹೋದದ್ದನ್ನು ಕಂಡಿದ್ದೇವೆ. ಅಪಾಯ ಕಂಡಾಗ ಸಂಚಾರ ಮತ್ತು ಪ್ರವೇಶ ನಿರ್ಬಂಧಿಸುವ ಅಧಿಕಾರ 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರಕ್ಕಿದೆ. ಆದರೆ ಯಾವ ಧರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ಹೋದ ವರ್ಷ ಬಿರುಕು ಬಿಟ್ಟಿತ್ತು, ಅದರ ಬುಡದಲ್ಲಿ ಯಾರು ಜೆಸಿಬಿ ತಂದು ಕಾರು ನಿಲ್ಲಿಸಲು ಜಾಗ ಮಾಡಿದರು ಎಂಬುದು ಆ ಕೇರಿಯವರಿಗೆ ಗೊತ್ತು.

ಬೇಸಿಗೆಗೆ ಬೇರೆ ಚಿಂತೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗುಗಳಿಂದ ಹರಡುವ ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ, ಅಂದರೆ ಚಾರಣಿಗರು ಕಾಡಿಗೆ ಇಳಿಯುವ ತಿಂಗಳುಗಳಲ್ಲೇ. ಮಂಗ ಸತ್ತ ಸುದ್ದಿ ಬಂದ ಕೂಡಲೇ ಆ ಸುತ್ತಿನ ಹೋಮ್‌ಸ್ಟೇಗಳಿಗೆ ತಿಳಿಸಿ, ಆ ದಾರಿಯ ಚಾರಣ ನಿಲ್ಲಿಸಬೇಕು. ಹೋಮ್‌ಸ್ಟೇಗಳ ಪಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಪಂಚಾಯಿತಿಯಲ್ಲೂ ಇಲ್ಲದಿದ್ದರೆ ಯಾರಿಗೆ ತಿಳಿಸುವುದು?

ಹೊಸ ಕಾನೂನು ಬರುವವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ಹೋಮ್‌ಸ್ಟೇ ತೆರೆಯುವವರು ಕ್ರಮ ತಪ್ಪಿಸಬಾರದು: ಮೊದಲು ಪಹಣಿ ತೆಗೆಸಿ ಜಮೀನಿನ ಸ್ವರೂಪ ನೋಡಿಕೊಳ್ಳಿ, ಅಭಯಾರಣ್ಯದ ಗಡಿ ಎಷ್ಟು ದೂರ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿಯಿರಿ, ಆಮೇಲೆ ಪಂಚಾಯಿತಿ, ಆಮೇಲೆ ಪ್ರವಾಸೋದ್ಯಮ ಇಲಾಖೆ. ಊಟ ಕೊಡುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಬೇರೆ ಬೇಕು. ಮದ್ಯ ಮಾರಲು ಹೋಮ್‌ಸ್ಟೇ ನೋಂದಣಿ ಪರವಾನಗಿಯಾಗುವುದಿಲ್ಲ.

ಪಂಚಾಯಿತಿಯ ಮಟ್ಟದಲ್ಲಿ ಗ್ರಾಮಸಭೆಯೇ ಆರಂಭ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಆ ಸಭೆಯಲ್ಲಿ ತಮ್ಮ ವ್ಯಾಪ್ತಿಯ ಹೋಮ್‌ಸ್ಟೇಗಳ ಪಟ್ಟಿಯನ್ನು ಮಂಡಿಸುವಂತೆ ಯಾರು ಬೇಕಾದರೂ ಕೇಳಬಹುದು. ಕಟ್ಟಡ ಕಟ್ಟಲು ಅನುಮತಿ ಕೊಡುವ ಅಧಿಕಾರ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೆಯ ಪ್ರಕರಣದಂತೆ ಪಂಚಾಯಿತಿಗೆ ಈಗಾಗಲೇ ಇದೆ. ಧರೆಯ ಅಂಚಿನಲ್ಲಿ, ಹಳ್ಳದ ಪಾತ್ರದಲ್ಲಿ ಏಳುವ ಹೊಸ ಕಾಟೇಜಿಗೆ ಅದನ್ನು ಬಳಸಲು ಯಾರ ಅಪ್ಪಣೆಯೂ ಬೇಡ. ಪ್ರತಿ ಪಂಚಾಯಿತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಈ ಕೆಲಸಕ್ಕೆ ಎಬ್ಬಿಸಬಹುದು. ಪಂಚಾಯಿತಿಯಲ್ಲಿ ಪಟ್ಟಿಯೇ ಇಲ್ಲ ಎಂಬ ಉತ್ತರ ಬಂದರೆ, ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಜಿಲ್ಲಾ ಪ್ರವಾಸೋದ್ಯಮ ಕಚೇರಿಗೆ ಅರ್ಜಿ ಹಾಕಿ. ನಿಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ನೋಂದಾಯಿತ ಹೋಮ್‌ಸ್ಟೇಗಳು ಎಷ್ಟು, ಪ್ರತಿಯೊಂದರಲ್ಲೂ ಕೋಣೆ ಎಷ್ಟು, ಕೊನೆಯ ಪರಿಶೀಲನೆ ನಡೆದದ್ದು ಯಾವಾಗ ಎಂದು ಬರೆಯಿರಿ. 30 ದಿನದೊಳಗೆ ಅವರು ಉತ್ತರಿಸಬೇಕು. ಆ ಉತ್ತರವನ್ನು ಆ್ಯಪ್‌ನಲ್ಲಿ ನಿಮ್ಮ ಊರಿನ ಹೆಸರು ಹಾಕಿದಾಗ ಕಾಣುವ ಪಟ್ಟಿಯ ಪಕ್ಕದಲ್ಲಿಟ್ಟು, ಎರಡನ್ನೂ ಮುಂದಿನ ಗ್ರಾಮಸಭೆಗೆ ತೆಗೆದುಕೊಂಡು ಹೋಗಿ.